ಎರಡನೇ ಹಾರದ ಮನುಷ್ಯ

ನಾಳೆ ಅಕ್ಟೋಬರ್ 2. ಬ್ರಾಂದಿ ಅಂಗಡಿ ಬಂದ್, ಸರ್ಕಾರಿ ಕಚೇರಿಗೆ ರಜೆ. ಇಷ್ಟು ನಮ್ಮ ಬಾಗಲಕೋಟೆಯಲ್ಲಿ ಚಿಕ್ಕ ಹುಡುಗರಿಗೂ ಗೊತ್ತು. ಬೆಳಿಗ್ಗೆ ಕಚೇರಿಯ ಜವಾನ ಹೂವಿನ ಅಂಗಡಿಗೆ ಬಂದು ಎರಡು ಹಾರ ಕೇಳ್ತಾನೆ. ಒಂದು ದಪ್ಪಂದು, ಒಂದು ಸಣ್ಣದು. ದಪ್ಪಂದು ಗಾಂಧೀಜಿಗೆ. ಸಣ್ಣದು ಪಕ್ಕದ ಫೋಟೋದಲ್ಲಿ ಟೋಪಿ ಹಾಕಿಕೊಂಡಿರುವ ಲಾಲ್ ಬಹಾದ್ದೂರ್ ಶಾಸ್ತ್ರಿಯವರಿಗೆ. ಅವರದೂ ನಾಳೆಯೇ ಹುಟ್ಟಿದ ದಿನ. ಬಹಳ ಕಡೆ ಆ ಎರಡನೇ ಫೋಟೋ ಹುಡುಕೋದು ಹಾರ ಬಂದ ಮೇಲೇ!

ಗಾಂಧೀಜಿ ಹುಟ್ಟಿದ್ದು 1869ರಲ್ಲಿ, ಗುಜರಾತಿನ ಪೋರಬಂದರಿನಲ್ಲಿ. ದಿವಾನರ ಮಗ. ಶಾಸ್ತ್ರಿ ಹುಟ್ಟಿದ್ದು 1904ರಲ್ಲಿ, ಕಾಶಿ ಹತ್ತಿರದ ಮೊಘಲಸರಾಯಿಯಲ್ಲಿ. ತಂದೆ ಮಾಸ್ತರಿಕೆ ಮಾಡಿ, ಆಮೇಲೆ ಕಂದಾಯ ಕಚೇರಿಯ ಗುಮಾಸ್ತರಾದವರು. ಮಗನಿಗೆ ಎರಡು ವರ್ಷ ತುಂಬುವ ಮೊದಲೇ ತೀರಿಕೊಂಡರು. ತಾಯಿ ರಾಮದುಲಾರಿ ಮಕ್ಕಳನ್ನು ಕಟ್ಟಿಕೊಂಡು ತವರಿನ ಆಸರೆಯಲ್ಲಿ ಉಳಿದರು. ಹಂಗಿನ ಅನ್ನ ಉಂಡು ಬೆಳೆದ ಹುಡುಗನಿಗೆ ದುಡ್ಡಿನ ಬೆಲೆ ಯಾರೂ ಕಲಿಸಬೇಕಾಗಲಿಲ್ಲ.

1921ರಲ್ಲಿ ಅಸಹಕಾರ ಚಳವಳಿಗೆ ಗಾಂಧೀಜಿ ಕರೆ ಕೊಟ್ಟಾಗ ಹುಡುಗ ಮೆಟ್ರಿಕ್ ಪರೀಕ್ಷೆ ಬಾಗಿಲಲ್ಲಿದ್ದ. ಶಾಲೆ ಬಿಟ್ಟ. ಈ ಅಂಕಣ ಬರೆಯುವವನೂ ಪಿಯುಸಿ ಅರ್ಧಕ್ಕೆ ಬಿಟ್ಟವನೇ. ಆದರೆ ಬಿಟ್ಟ ಕಾರಣದಲ್ಲಿ ಬಹಳ ಫರಕು ಐತಿ, ಅದು ಇಲ್ಲಿ ಬೇಡ. ಅವರು ಮುಂದೆ ಕಾಶಿ ವಿದ್ಯಾಪೀಠ ಸೇರಿ 1925ರಲ್ಲಿ ಶಾಸ್ತ್ರಿ ಪದವಿ ಪಡೆದರು. ಜಾತಿ ಹೇಳುವ ಅಡ್ಡಹೆಸರು ಕಿತ್ತುಹಾಕಿದ್ದರು. ಆ ಜಾಗಕ್ಕೆ ಪದವಿಯ ಹೆಸರು ಬಂದು ಕೂತಿತು. ನಮ್ಮಲ್ಲಿ ಎಷ್ಟೋ ಮಂದಿ ಇಂದಿಗೂ ಅದನ್ನು ಅವರ ಮನೆತನದ ಹೆಸರು ಅಂತಲೇ ತಿಳಿದಿದ್ದಾರೆ. 1928ರಲ್ಲಿ ಮಿರ್ಜಾಪುರದ ಲಲಿತಾದೇವಿಯವರ ಜೊತೆ ಮದುವೆ. ವರದಕ್ಷಿಣೆ ಅಂತ ತೆಗೆದುಕೊಂಡಿದ್ದು ಒಂದು ಚರಕ, ಒಂದಿಷ್ಟು ಖಾದಿ ಬಟ್ಟೆ. ಆಮೇಲೆ ವರ್ಷಗಟ್ಟಲೆ ಜೈಲು.

ಸ್ವಾತಂತ್ರ್ಯ ಬಂದ ಮೇಲೆ ಉತ್ತರ ಪ್ರದೇಶದಲ್ಲಿ ಪೊಲೀಸ್ ಮತ್ತು ಸಾರಿಗೆ ಮಂತ್ರಿಯಾದರು. ಹೆಣ್ಣುಮಕ್ಕಳನ್ನು ಬಸ್ಸಿಗೆ ಕಂಡಕ್ಟರ್ ಮಾಡಿದ ಹೆಸರು ಅವರದು. ಇವತ್ತು ನಿಮ್ಮ ಬಸ್ಸಿನಲ್ಲಿ ಚಿಲ್ಲರೆ ಕೇಳಿ ಗದರುವ ಅಕ್ಕನನ್ನು ನೋಡಿದಾಗ ಈ ಮಾತು ನೆನಪಿರಲಿ.

1952ರಲ್ಲಿ ದಿಲ್ಲಿಗೆ ಹೋಗಿ ರೈಲ್ವೆ ಮಂತ್ರಿಯಾದರು. 1956ರಲ್ಲಿ ಮೆಹಬೂಬನಗರದ ಹತ್ತಿರ ಸೇತುವೆ ಕುಸಿದು ರೈಲು ಬಿತ್ತು. ನೂರಕ್ಕೂ ಹೆಚ್ಚು ಜನ ಸತ್ತರು. ಶಾಸ್ತ್ರಿ ರಾಜೀನಾಮೆ ಬರೆದರು. ಪ್ರಧಾನಿ ನೆಹರೂ ಒಪ್ಪಲಿಲ್ಲ. ಅದೇ ವರ್ಷ ನವೆಂಬರಿನಲ್ಲಿ ಮದ್ರಾಸ್ ಕಡೆಯ ಅರಿಯಲೂರಿನಲ್ಲಿ ಮತ್ತೆ ಅದೇ ಗತಿ. ಮಳೆಗೆ ಸೇತುವೆ ಹೋಯಿತು, ರೈಲು ಹೊಳೆಗೆ ಬಿತ್ತು, ಮತ್ತೆ ನೂರಕ್ಕೂ ಹೆಚ್ಚು ಹೆಣ. ಶಾಸ್ತ್ರಿ ಮತ್ತೆ ರಾಜೀನಾಮೆ ಕೊಟ್ಟರು. ಈ ಸಲ ಒಪ್ಪಿದರು. ಮಂತ್ರಿ ಏನು ಎಂಜಿನ್ ಓಡಿಸ್ತಿದ್ದರೇ? ಸೇತುವೆ ಕಟ್ಟಿದ್ದರೇ? ಇಲ್ಲ. ಅವರ ತಪ್ಪಿಲ್ಲ ಅಂತ ನೆಹರೂ ಅವರೂ ಸಂಸತ್ತಿನಲ್ಲಿ ತಿಳಿಸಿದರು. ಆದರೆ ಇಲಾಖೆ ತನ್ನದಾದರೆ ಹೆಣದ ಲೆಕ್ಕವೂ ತನ್ನದೇ ಅನ್ನುವುದು ಶಾಸ್ತ್ರಿಯವರ ವ್ಯವಹಾರ. ಲಾಭ ಬಂದಾಗ ಮಾಲೀಕ, ನಷ್ಟ ಬಂದಾಗ ಗುಮಾಸ್ತನ ಕಡೆ ಬೆರಳು ಅನ್ನೋ ಧಂದೆ ಅವರಿಗೆ ಗೊತ್ತಿರಲಿಲ್ಲ.

1964ರ ಜೂನಿನಲ್ಲಿ ನೆಹರೂ ನಂತರ ಪ್ರಧಾನಿಯಾದರು. ಈ ಗಿಡ್ಡ ಮನುಷ್ಯ ಎಷ್ಟು ದಿನ ಬಾಳಿಕೆ ಬಂದಾರು ಅಂತ ನಕ್ಕವರಿದ್ದರು. ಮನೆಯವರ ಒತ್ತಾಯಕ್ಕೆ ಒಂದು ಫಿಯೆಟ್ ಕಾರು ಕೊಳ್ಳುವುದಾಯಿತು. ಬೆಲೆ 12 ಸಾವಿರ. ಕೈಯಲ್ಲಿದ್ದದ್ದು 7 ಸಾವಿರ. ಉಳಿದ 5 ಸಾವಿರಕ್ಕೆ ದೇಶದ ಪ್ರಧಾನಿ ಬ್ಯಾಂಕಿನಲ್ಲಿ ಸಾಲದ ಅರ್ಜಿ ಹಾಕಿದರು! ಸಾಲ ತೀರುವ ಮೊದಲೇ ಅವರು ತೀರಿಕೊಂಡರು. ಬಾಕಿಯನ್ನು ಲಲಿತಾದೇವಿ ಪಿಂಚಣಿ ಹಣದಲ್ಲಿ ಕಟ್ಟಿದರು. ಉದ್ರಿ ಕೊಟ್ಟು ಕೈಸುಟ್ಟುಕೊಂಡ ನಮ್ಮ ಅಂಗಡಿಕಾರರು ಇದನ್ನು ಎರಡು ಸಲ ಓದಬೇಕು.

ಆಗ ದೇಶದಲ್ಲಿ ಕಾಳು ಇರಲಿಲ್ಲ. ಅಮೆರಿಕದ ಗೋಧಿ ಹಡಗು ಬಂದರೆ ರೊಟ್ಟಿ, ಇಲ್ಲದಿದ್ದರೆ ಇಲ್ಲ. ಶಾಸ್ತ್ರಿ ಮೊದಲು ತಮ್ಮ ಮನೆಯಲ್ಲಿ ಒಂದು ಹೊತ್ತು ಒಲೆ ಆರಿಸಿದರು. ಮಕ್ಕಳು ತಡೆದುಕೊಂಡರು ಅಂತ ಖಾತ್ರಿಯಾದ ಮೇಲೇ ಜನರನ್ನು ವಾರಕ್ಕೊಂದು ಊಟ ಬಿಡಲು ಕೇಳಿದರು. ಸೋಮವಾರ ಸಂಜೆ ಎಷ್ಟೋ ಊರುಗಳಲ್ಲಿ ಖಾನಾವಳಿ, ಹೋಟೆಲು ಬಾಗಿಲು ಹಾಕಿದವು. ಹಿರಿಯರನ್ನು ಕೇಳಿರಿ, ಶಾಸ್ತ್ರಿ ಸೋಮವಾರ ನೆನಪಿರುವವರು ಇನ್ನೂ ಸಿಗ್ತಾರೆ. ಬರೀ ಉಪವಾಸ ಹೇಳಿ ಕೂರಲಿಲ್ಲ. 1965ರ ಜನವರಿಯಲ್ಲಿ ಆಹಾರ ನಿಗಮ ಶುರುವಾಯಿತು. ಗುಜರಾತಿನ ಆನಂದದಲ್ಲಿ ಹಾಲಿನ ಸಹಕಾರ ಸಂಘ ಕಣ್ಣಾರೆ ನೋಡಿ, ಅದೇ ಪದ್ಧತಿ ಎಲ್ಲಾ ಕಡೆ ಬರಲಿ ಅಂತ ಹಾಲು ಮಂಡಳಿಗೆ ದಾರಿ ಮಾಡಿದರು.

ತಪ್ಪೇ ಆಗಲಿಲ್ಲವೇ? ಆಯಿತು. 1965ರ ಜನವರಿ 26ರಿಂದ ಹಿಂದಿ ಆಡಳಿತ ಭಾಷೆಯಾಗುವಾಗ ಮದ್ರಾಸ್ ರಾಜ್ಯ ಹೊತ್ತಿ ಉರಿಯಿತು, ಜೀವ ಹೋದವು. ಫೆಬ್ರುವರಿಯಲ್ಲಿ ಶಾಸ್ತ್ರಿ ರೇಡಿಯೋದಲ್ಲಿ ಮಾತಾಡಿ ಇಂಗ್ಲಿಷ್ ಮುಂದುವರಿಯುವ ಭರವಸೆ ಕೊಟ್ಟರು. ತಡವಾಗಿಯಾದರೂ ತಪ್ಪು ಬರೆದ ಲೆಕ್ಕ ತಿದ್ದಿದರು.

ಅದೇ ವರ್ಷ ಪಾಕಿಸ್ತಾನದ ಜೊತೆ ಯುದ್ಧ. ಸೆಪ್ಟೆಂಬರಿನಲ್ಲಿ ಸೈನ್ಯಕ್ಕೆ ಲಾಹೋರಿನ ಕಡೆ ಗಡಿ ದಾಟಲು ಅಪ್ಪಣೆ ಕೊಟ್ಟದ್ದು ಇದೇ ಮೆತ್ತಗಿನ ಮನುಷ್ಯ. ನಕ್ಕವರ ಬಾಯಿ ಮುಚ್ಚಿತು. 1966ರ ಜನವರಿ 10ರಂದು ತಾಷ್ಕೆಂಟಿನಲ್ಲಿ ಒಪ್ಪಂದಕ್ಕೆ ಸಹಿ. ಅದೇ ರಾತ್ರಿ ಕಳೆದು 11ರ ಬೆಳಗಾಗುವ ಮೊದಲೇ ಸಾವು. ಹೃದಯಾಘಾತ ಅಂತ ಸರ್ಕಾರದ ವರದಿ. ಮನೆಯವರ ಅನುಮಾನ ಮಾತ್ರ ಹೋಗಲಿಲ್ಲ. ಪ್ರಧಾನಿಯಾಗಿದ್ದು ಎರಡು ವರ್ಷವೂ ಇಲ್ಲ.

ನಮಗೂ ಅವರಿಗೂ ಒಂದು ನಂಟು ಐತಿ. 1964ರಲ್ಲಿ ಆಲಮಟ್ಟಿ ಆಣೆಕಟ್ಟೆಗೆ ಅಡಿಗಲ್ಲು ಹಾಕಿದವರು ಅವರು. ಜಲಾಶಯಕ್ಕೆ ಲಾಲ್ ಬಹಾದ್ದೂರ್ ಶಾಸ್ತ್ರಿ ಸಾಗರ ಅಂತಲೇ ಹೆಸರು. ಆ ಸಾಗರದ ಹಿನ್ನೀರು ದಶಕಗಳ ನಂತರ ಹಳೇ ಬಾಗಲಕೋಟೆಯ ಓಣಿಗೆ ಬಂತು. ಅಂಗಡಿ, ಮನೆ ಬಿಟ್ಟು ಜನ ನವನಗರಕ್ಕೆ ಹೋದರು. ಹೊಲ ಕಳಕೊಂಡವರು ಪರಿಹಾರದ ಕಾಗದ ಹಿಡಿದು ಕಚೇರಿ, ಕೋರ್ಟು ಅಂತ ವರ್ಷಗಟ್ಟಲೆ ತಿರುಗಿದರು. ಎಲ್ಲಿ ಹೋದರೂ ಇದು ನಮ್ಮ ಟೇಬಲ್ಲಿಗೆ ಬರೋದಿಲ್ಲ ಅನ್ನುವ ಉತ್ತರ. ಸಾಗರಕ್ಕೆ ಅವರ ಹೆಸರು ಸಿಕ್ಕಿತು, ಅವರ ಹಾಗೆ ಹೊಣೆ ಹೊರುವವರು ಸಿಗಲಿಲ್ಲ.

ನಾಳೆ ಹೂವಿನ ಅಂಗಡಿಗೆ ಹೋಗುವ ಜವಾನಪ್ಪನಿಗೆ ಒಂದು ವಿನಂತಿ. ಎರಡೂ ಹಾರ ಒಂದೇ ಅಳತೆಯವು ತಗೊಳ್ಳಪ್ಪ. ಗಾಂಧೀಜಿ ಬೇಸರ ಮಾಡಿಕೊಳ್ಳುವವರಲ್ಲ. ಹಾರ ಹಾಕುವ ಸಾಹೇಬರಿಗೂ ಒಂದು ಮಾತು: ಫೋಟೋ ಎದುರು ಕೈಮುಗಿದ ಮೇಲೆ ನಿಮ್ಮ ಟೇಬಲ್ಲಿನ ಹಳೇ ಕಡತ ಒಂದನ್ನಾದರೂ ತೆಗೆದು ನೋಡಿರಿ.