ಯಶವಂತನ ತಾಯಿ ಸಾವಿತ್ರಿಬಾಯಿ

ಪ್ರತಿ ವರ್ಷ ಜನವರಿ ತಿಂಗಳ ಬೋಧನಾಭ್ಯಾಸದಲ್ಲಿ ಸಾವಿತ್ರಿಬಾಯಿ ಫುಲೆ ಅವರ ಬಗ್ಗೆ ಹತ್ತಾರು ಪಾಠಯೋಜನೆಗಳು ನನ್ನ ಮೇಜಿನ ಮೇಲೆ ಬಂದು ಬೀಳುತ್ತವೆ. ಅವುಗಳ ಚೌಕಟ್ಟು ಬಹುತೇಕ ಒಂದೇ. 1831ರ ಜನವರಿ 3ರಂದು ಸಾತಾರಾ ಜಿಲ್ಲೆಯ ನಾಯಗಾಂವದಲ್ಲಿ ಜನನ, ಒಂಬತ್ತನೆಯ ವಯಸ್ಸಿಗೆ ಜೋತಿರಾವ್ ಫುಲೆ ಅವರೊಂದಿಗೆ ವಿವಾಹ, 1848ರಲ್ಲಿ ಪುಣೆಯ ಭಿಡೆವಾಡೆಯಲ್ಲಿ ಹೆಣ್ಣುಮಕ್ಕಳ ಶಾಲೆ, ದಾರಿಯಲ್ಲಿ ಸಗಣಿ ಎರಚಿದವರು, ಚೀಲದಲ್ಲಿದ್ದ ಇನ್ನೊಂದು ಸೀರೆ, 1897ರಲ್ಲಿ ಪ್ಲೇಗ್. ಸಗಣಿಯ ಪ್ರಸಂಗವನ್ನು ಪ್ರಶಿಕ್ಷಣಾರ್ಥಿಗಳು ಅಭಿನಯಿಸಿಯೂ ತೋರಿಸುತ್ತಾರೆ, ಮಕ್ಕಳು ಚೆನ್ನಾಗಿ ಗಮನಿಸುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಶಾಲೆಗೂ ಪ್ಲೇಗಿಗೂ ನಡುವೆ ಸುಮಾರು ಅರ್ಧ ಶತಮಾನ ಕಳೆದಿದೆ. ಆ ಅವಧಿಯ ಇಪ್ಪತ್ಮೂರು ವರ್ಷ ಸಾವಿತ್ರಿಬಾಯಿ ಒಬ್ಬ ದತ್ತು ಮಗನ ತಾಯಿಯಾಗಿದ್ದರು. ಕನ್ನಡದಲ್ಲಿ ನಾವು ಅವರನ್ನು ಅಕ್ಷರದವ್ವ ಎಂದು ಕರೆಯುತ್ತೇವೆ. ಅವರು ಅವ್ವನಾದ ಕಥೆಯನ್ನು ಮಾತ್ರ ಒಂದು ಸಾಲಿನಲ್ಲಿ ಮುಗಿಸಿಬಿಡುತ್ತೇವೆ. ಈ ಲೇಖನದಲ್ಲಿ ನಾನು ಹೇಳಹೊರಟಿರುವುದು ಆ ಒಂದು ಸಾಲನ್ನೇ.

ಕಥೆ ಸ್ವಲ್ಪ ಹಿಂದಿನಿಂದ ಆರಂಭವಾಗಬೇಕು. ಜೋತಿರಾವ್ ಅವರು ಇನ್ನೂ ಹಸುಗೂಸಾಗಿದ್ದಾಗಲೇ ತಾಯಿ ಚಿಮಣಾಬಾಯಿ ತೀರಿಕೊಂಡರು. ಅವರನ್ನು ಎತ್ತಿ ಆಡಿಸಿ ಬೆಳೆಸಿದವರು ಬಂಧುವರ್ಗದ ವಿಧವೆ ಸಗುಣಾಬಾಯಿ ಕ್ಷೀರಸಾಗರ. ಪಾದ್ರಿಯೊಬ್ಬರ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಮಾಡುತ್ತಿದ್ದ ಸಗುಣಾಬಾಯಿ ಹುಡುಗನಿಗೆ ಓದಿನ ರುಚಿಯನ್ನೂ ಹಚ್ಚಿದರು. ಮದುವೆಯಾಗಿ ಬಂದ ಸಾವಿತ್ರಿಬಾಯಿಗೂ ಆಸರೆಯಾದರು, ಮುಂದೆ ಶಾಲೆಯ ಕೆಲಸದಲ್ಲೂ ಜೊತೆಯಾದರು. ಹೆರದೆಯೂ ತಾಯಿಯಾಗಬಹುದು ಎಂಬುದನ್ನು ಈ ದಂಪತಿಗಳು ಪುಸ್ತಕದಲ್ಲಿ ಓದಿ ತಿಳಿಯಬೇಕಾಗಿರಲಿಲ್ಲ, ಅವರ ಮನೆಯಲ್ಲೇ ಅದಕ್ಕೆ ಉದಾಹರಣೆ ಇತ್ತು. ಸಗುಣಾಬಾಯಿ 1854ರಲ್ಲಿ ತೀರಿಕೊಂಡರು.

ಮದುವೆಯಾಗಿ ವರ್ಷಗಳು ಕಳೆದರೂ ಇವರಿಗೆ ಮಕ್ಕಳಾಗಲಿಲ್ಲ. ಎರಡನೆಯ ಮದುವೆಗೆ ಬಂಧುಗಳು ಒತ್ತಾಯಿಸಿದಾಗ ಜೋತಿರಾವ್ ಒಪ್ಪಲಿಲ್ಲ. ಅಂದಿನ ಕಾಲಕ್ಕೆ ಇದು ಸಣ್ಣ ಮಾತಲ್ಲ. ಮಕ್ಕಳಾಗದಿದ್ದರೆ ದೋಷ ಹೆಂಡತಿಯದೇ ಎಂಬುದು ಊರಿನ ತೀರ್ಮಾನ, ಇಂದಿಗೂ ಅನೇಕ ಮನೆಗಳಲ್ಲಿ ಅದೇ ತೀರ್ಮಾನ. ಆದರೆ ಇದರಿಂದ ಒಂದು ತಪ್ಪು ಅರ್ಥವನ್ನು ಮಾಡಿಕೊಳ್ಳಬಾರದು. ಮಕ್ಕಳಿಲ್ಲದ ಕೊರತೆ ತುಂಬಲೆಂದು ಅವರು ಮಗುವೊಂದನ್ನು ಹುಡುಕಿಕೊಂಡು ಹೋದರೆಂದು ಬರೆಯುವವರಿದ್ದಾರೆ. ನಡೆದದ್ದು ಹಾಗಲ್ಲ. ಮಗು ಬಂದದ್ದು ಅವರ ಕೆಲಸದ ದಾರಿಯಲ್ಲಿ.

ಆ ಕಾಲದ ಬ್ರಾಹ್ಮಣ ವಿಧವೆಯರ ಸ್ಥಿತಿಯನ್ನು ತರಗತಿಯಲ್ಲಿ ವಿವರಿಸುವುದು ಕಷ್ಟ, ಆದರೂ ವಿವರಿಸದೆ ಮುಂದಿನದು ಅರ್ಥವಾಗುವುದಿಲ್ಲ. ಬಾಲ್ಯದಲ್ಲೇ ಮದುವೆ, ಬಾಲ್ಯದಲ್ಲೇ ವೈಧವ್ಯ, ಮರುಮದುವೆಗೆ ನಿಷೇಧ. ಮನೆಯೊಳಗಿನವರೋ ನೆಂಟರೋ ಆಕೆಯನ್ನು ಬಳಸಿಕೊಂಡು ಆಕೆ ಗರ್ಭಿಣಿಯಾದರೆ ಹೊರಗೆ ಹಾಕುವುದು ಆಕೆಯೊಬ್ಬಳನ್ನೇ. ಉಳಿದದ್ದು ಎರಡೇ ದಾರಿ: ತಾನು ಸಾಯುವುದು, ಇಲ್ಲವೇ ಕೂಸನ್ನು ಕೊಲ್ಲುವುದು. ಪುಣೆಯಲ್ಲಿ ಅಡುಗೆ ಕೆಲಸ ಮಾಡಿಕೊಂಡಿದ್ದ ಒಬ್ಬ ವಿಧವೆ ಹೀಗೆ ಕೂಸನ್ನು ಕೊಂದು ಬಾವಿಗೆ ಹಾಕಿದಳು. ಆಕೆಗೆ ಅಂಡಮಾನಿನ ಶಿಕ್ಷೆಯಾಯಿತು. ಕಾರಣನಾದ ಗಂಡಸಿಗೆ ಏನೂ ಆಗಲಿಲ್ಲ. 1863ರಲ್ಲಿ ಫುಲೆ ದಂಪತಿಗಳು ತಮ್ಮ ಮನೆಯಲ್ಲೇ ಬಾಲಹತ್ಯಾ ಪ್ರತಿಬಂಧಕ ಗೃಹವನ್ನು ತೆರೆದರು. ವಿಧವೆಯರು ಗುಟ್ಟಾಗಿ ಬಂದು ಸುರಕ್ಷಿತವಾಗಿ ಹೆರಬಹುದು, ಮಗುವನ್ನು ಕರೆದೊಯ್ಯುವುದೂ ಬಿಟ್ಟುಹೋಗುವುದೂ ಅವರ ಇಚ್ಛೆ ಎಂದು ಊರಿನಲ್ಲಿ ಪ್ರಕಟಣೆಗಳನ್ನು ಅಂಟಿಸಿದರು. 1884ರ ಹೊತ್ತಿಗೆ ಹೀಗೆ ಬಂದವರು 35 ಮಂದಿ. ಬಾಣಂತನ ಮಾಡಿದ್ದು ಸಾವಿತ್ರಿಬಾಯಿ. ಹಗಲು ಶಾಲೆ, ರಾತ್ರಿ ಬಾಣಂತಿಯರ ಆರೈಕೆ, ಜೊತೆಗೆ ಹೊರ ಊರುಗಳಿಂದ ಓದಲು ಬಂದು ಮನೆಯಲ್ಲೇ ಉಳಿದ ಹುಡುಗರ ಊಟೋಪಚಾರ.

1874ರಲ್ಲಿ ಅಲ್ಲಿ ಹೆರಿಗೆಯಾದ ಒಬ್ಬ ಬ್ರಾಹ್ಮಣ ವಿಧವೆಯ ಗಂಡುಮಗುವನ್ನು ದಂಪತಿಗಳು ತಮ್ಮ ಮಗನನ್ನಾಗಿ ಮಾಡಿಕೊಂಡರು. ಯಶವಂತ ಎಂದು ಹೆಸರಿಟ್ಟರು. ಆಗ ಸಾವಿತ್ರಿಬಾಯಿಗೆ 43 ವರ್ಷ, ಜೋತಿರಾವ್ ಅವರಿಗೆ 47. ಸತ್ಯಶೋಧಕ ಸಮಾಜ ಹುಟ್ಟಿ ಒಂದು ವರ್ಷವೂ ತುಂಬಿತ್ತೋ ಇಲ್ಲವೋ. ಮೊಮ್ಮಕ್ಕಳನ್ನು ಕಾಣುವ ವಯಸ್ಸಿನಲ್ಲಿ, ಕೈತುಂಬ ಕೆಲಸವಿದ್ದಾಗ, ಮನೆಯಲ್ಲಿ ತೊಟ್ಟಿಲು ಕಟ್ಟಿದರು.

ಆ ಕಾಲದ ಹಿಂದೂ ದತ್ತಕದ ನಿಯಮಗಳನ್ನು ಪ್ರಶಿಕ್ಷಣಾರ್ಥಿಗಳು ತಿಳಿದಿರಬೇಕು. ದತ್ತು ಎಂದರೆ ಪಿಂಡ ಹಾಕಲು, ಆಸ್ತಿ ಉಳಿಸಲು ಒಬ್ಬ ಗಂಡುಮಗ. ಅವನು ಅದೇ ಜಾತಿಯವನಾಗಿರಬೇಕು, ಅಣ್ಣತಮ್ಮಂದಿರ ಮಕ್ಕಳಿದ್ದರೆ ಅವರಿಗೆ ಆದ್ಯತೆ, ಹೆತ್ತವರು ಕೈಯಾರೆ ಕೊಡಬೇಕು. ಕೊಡುವವರೇ ಇಲ್ಲದ ಅನಾಥ ಮಗುವಿನ ದತ್ತಕ ಊರ್ಜಿತವೇ ಆಗುತ್ತಿರಲಿಲ್ಲ. ಈ ಕಟ್ಟುಗಳು ಬಹುಮಟ್ಟಿಗೆ ಸಡಿಲವಾದದ್ದು 1956ರ ಕಾಯ್ದೆಯಿಂದ. ಇಲ್ಲಿ ಮಾಳಿ ಜಾತಿಯ ದಂಪತಿಗಳು, ಬ್ರಾಹ್ಮಣ ವಿಧವೆಯ ಮಗು, ತಂದೆಯ ಹೆಸರು ಹೇಳುವವರಿಲ್ಲ. ಮೇಲಿನವರಿಗೆ ಈ ಮಗು ಪಾಪದ ಗುರುತಾಗಿ ಕಂಡಿತು, ತಮ್ಮ ಕುಲದವರಿಗೆ ಆಸ್ತಿಯ ಪಾಲಿಗೆ ಬಂದ ಹೊರಗಿನವನಾಗಿ ಕಂಡಿತು. ಎರಡೂ ಕಡೆಯ ನೋಟದ ನಡುವೆ ಅದನ್ನು ಬೆಳೆಸಬೇಕಾಗಿತ್ತು.

ಬೆಳೆಸಿದ ಪರಿಸ್ಥಿತಿಯೂ ಸುಲಭದ್ದಾಗಿರಲಿಲ್ಲ. ಯಶವಂತನಿಗೆ ಮೂರು ವರ್ಷವೂ ತುಂಬದಿರುವಾಗ 1876–77ರ ಭೀಕರ ಬರ ಬಂತು. ಪುಣೆಯ ಸುತ್ತ ಹಸಿದ ಮಕ್ಕಳಿಗೆ ಅನ್ನ ಹಾಕುವ ಕೇಂದ್ರಗಳನ್ನು ಸತ್ಯಶೋಧಕರು ನಡೆಸಿದರು. ಸಾವಿತ್ರಿಬಾಯಿ ಹಳ್ಳಿಗಳನ್ನು ಸುತ್ತುತ್ತಿದ್ದರು. 1877ರ ಏಪ್ರಿಲ್‌ನಲ್ಲಿ ಓತೂರಿನಿಂದ ಅವರು ಗಂಡನಿಗೆ ಬರೆದ ಪತ್ರ ಬರದ ದಾರುಣ ಚಿತ್ರವನ್ನು ಕೊಡುತ್ತದೆ. ತಾಯಿ ಎಂದರೆ ಮನೆಯೊಳಗೇ ಇರಬೇಕು ಎನ್ನುವ ಅಳತೆಗೋಲಿನಿಂದ ಅಳೆದರೆ ಅವರು ಪಾಸಾಗುವುದಿಲ್ಲ. ನನಗೇನೋ ಆ ಅಳತೆಗೋಲೇ ಸರಿಯಿಲ್ಲ ಎನಿಸುತ್ತದೆ. ಆ ಮನೆಯಲ್ಲಿ ಮಗುವನ್ನು ನೋಡಿಕೊಳ್ಳಲು ಹಲವು ಕೈಗಳಿದ್ದವು. ಅನೇಕ ಮಕ್ಕಳು ಒಂದೇ ಪಂಕ್ತಿಯಲ್ಲಿ ಉಣ್ಣುವ ಮನೆಯಲ್ಲಿ ತಾನೊಬ್ಬನೇ ಬೇರೆ ಎಂಬ ಭಾವನೆಗೆ ಜಾಗ ಕಡಿಮೆ.

ಇನ್ನೊಂದು ವಿಷಯ. ಯಶವಂತನ ಹುಟ್ಟನ್ನು ಮುಚ್ಚಿಡುವ ಪ್ರಶ್ನೆಯೇ ಇರಲಿಲ್ಲ, ಊರಿಗೆಲ್ಲ ಗೊತ್ತಿತ್ತು. ದತ್ತು ತಂದೆತಾಯಿಗಳು ಇಂದು ಎದುರಿಸುವ ದೊಡ್ಡ ತಳಮಳ ಮಗುವಿಗೆ ಯಾವಾಗ ಹೇಳುವುದು, ಹೇಗೆ ಹೇಳುವುದು ಎಂಬುದು. ಚಿಕ್ಕಂದಿನಿಂದಲೇ, ಮಗುವಿಗೆ ಅರ್ಥವಾಗುವ ಮಾತಿನಲ್ಲಿ, ಮತ್ತೆ ಮತ್ತೆ ಹೇಳುತ್ತ ಹೋಗಬೇಕೆಂದು ಆಪ್ತಸಮಾಲೋಚಕರು ಸಲಹೆ ಕೊಡುತ್ತಾರೆ. ಆದರೆ ಮನೆಯವರು ಹೇಳುವ ಮೊದಲೇ ಬೀದಿಯೋ ಶಾಲೆಯೋ ಹೇಳಿಬಿಟ್ಟರೆ? ಈ ಪ್ರಶ್ನೆ ನೇರವಾಗಿ ನಮ್ಮ ವೃತ್ತಿಗೆ ಸೇರಿದ್ದು. ಪರಿಸರ ಅಧ್ಯಯನದ ಕುಟುಂಬದ ಪಾಠದಲ್ಲಿ ನಮ್ಮವರು ವಂಶವೃಕ್ಷ ಬರೆಸುತ್ತಾರೆ, ಹುಟ್ಟಿದಾಗಿನ ಫೋಟೊ ತರಲು ಹೇಳುತ್ತಾರೆ, ಕಣ್ಣು ಮೂಗು ಯಾರನ್ನು ಹೋಲುತ್ತದೆ ಎಂದು ಕೇಳುತ್ತಾರೆ. ನಾಲ್ಕು ವರ್ಷ ತುಂಬಿದ ಮೇಲೆ ದತ್ತು ಬಂದ ಮಗುವಿನ ಬಳಿ ಹುಟ್ಟಿದಾಗಿನ ಫೋಟೊ ಎಲ್ಲಿಂದ ಬರಬೇಕು? ನಾನು ಪಾಠಯೋಜನೆ ತಿದ್ದುವಾಗ ಈ ಚಟುವಟಿಕೆಯ ಜಾಗದಲ್ಲಿ, ನಿನ್ನನ್ನು ನೋಡಿಕೊಳ್ಳುವವರನ್ನು ಬರೆ, ನಿನಗೆ ಇಷ್ಟವಾದ ಒಂದು ಫೋಟೊ ತಾ ಎಂದು ಬದಲಾಯಿಸಲು ಸೂಚಿಸುತ್ತೇನೆ. ಸ್ವಂತ ತಾಯಿ, ಸಾಕುತಾಯಿ ಎಂಬ ಮಾತುಗಳನ್ನು ತರಗತಿಯಲ್ಲಿ ಆಡುವಾಗಲೂ ನಾಲಿಗೆಯ ಮೇಲೆ ಹಿಡಿತವಿರಲಿ.

ಈಗ 1887ಕ್ಕೆ ಬರೋಣ. ಆ ವರ್ಷದ ಜುಲೈನಲ್ಲಿ ಜೋತಿರಾವ್ ಉಯಿಲು ಬರೆದು ನೋಂದಾಯಿಸಿದರು. ತಮ್ಮ ಆಸ್ತಿ ಸಾವಿತ್ರಿಬಾಯಿಗೆ ಮತ್ತು ಯಶವಂತನಿಗೆ ಸೇರಬೇಕೆಂದರು. ದತ್ತಕದ ಹಕ್ಕನ್ನು ಬಂಧುಗಳು ಅಲ್ಲಗಳೆದಾರು ಎಂಬ ಮುಂದಾಲೋಚನೆ ಇದರ ಹಿಂದೆ ಇತ್ತೆಂದು ನಾನು ಭಾವಿಸುತ್ತೇನೆ, ಮುಂದೆ ನಡೆದದ್ದೂ ಹಾಗೆಯೇ. ಅದೇ ಉಯಿಲಿನಲ್ಲಿ ಇನ್ನೊಂದು ಷರತ್ತಿದೆ. ಯಶವಂತ ಓದದೆ ದಾರಿತಪ್ಪಿದರೆ, ಶ್ರಮಿಕ ಜಾತಿಗಳ ಮಕ್ಕಳಲ್ಲಿ ಯೋಗ್ಯನಾದವನನ್ನು ಸತ್ಯಶೋಧಕ ಸಮಾಜದವರು ಆರಿಸಿ ವಾರಸುದಾರನನ್ನಾಗಿ ಮಾಡಬೇಕು. ಇದನ್ನು ಓದಿದಾಗಲೆಲ್ಲ ನನಗೆ ಕಸಿವಿಸಿಯಾಗುತ್ತದೆ. ಹುಟ್ಟಿನಿಂದ ಯಾರಿಗೂ ಹಕ್ಕು ಬರುವುದಿಲ್ಲ ಎಂದು ಜೀವನವಿಡೀ ವಾದಿಸಿದವರು ತಮ್ಮ ಮಗನ ವಿಷಯದಲ್ಲೂ ಅದೇ ಮಾತಿಗೆ ಬದ್ಧರಾದರು, ಅದು ಸರಿ. ಆದರೆ ಹದಿಮೂರು ವರ್ಷದ ದತ್ತು ಮಗನ ಕಣ್ಣಿನಿಂದ ನೋಡಿದರೆ? ಹೆತ್ತ ಮಗ ಕೆಟ್ಟರೂ ಮಗನೇ, ತಾನು ಮಾತ್ರ ಪರೀಕ್ಷೆಯಲ್ಲಿ ಪಾಸಾಗುತ್ತಲೇ ಇರಬೇಕು ಎಂಬ ಭಯ ದತ್ತು ಮಕ್ಕಳಲ್ಲಿ ಸಾಮಾನ್ಯ. ಕೆಲವರು ಅತಿಯಾಗಿ ವಿಧೇಯರಾಗುತ್ತಾರೆ, ಕೆಲವರು ಬೇಕೆಂದೇ ತಂಟೆ ಮಾಡಿ ಇವರು ನನ್ನನ್ನು ಬಿಡುತ್ತಾರೋ ಇಲ್ಲವೋ ಎಂದು ನೋಡುತ್ತಾರೆ. ತರಗತಿಯಲ್ಲಿ ಎರಡನೆಯದು ಅಶಿಸ್ತಾಗಿ ಕಾಣುತ್ತದೆ, ಮೊದಲನೆಯದು ಕಾಣುವುದೇ ಇಲ್ಲ.

1888ರಲ್ಲಿ ಜೋತಿರಾವ್ ಅವರಿಗೆ ಪಾರ್ಶ್ವವಾಯು ಹೊಡೆದು ಬಲಗೈ ಸ್ವಾಧೀನ ತಪ್ಪಿತು. ಗುತ್ತಿಗೆದಾರಿಕೆಯಿಂದ ಗಳಿಸಿದ್ದ ಹಣವೆಲ್ಲ ಶಾಲೆ, ಆಶ್ರಯಗೃಹಗಳಿಗೆ ಕರಗಿಹೋಗಿತ್ತು. ಮನೆ ನಡೆಸುವುದು, ಗಂಡನ ಶುಶ್ರೂಷೆ, ಮಗನ ಓದು ಮೂರೂ ಸಾವಿತ್ರಿಬಾಯಿಯ ತಲೆಯ ಮೇಲೆ ಬಂದವು. ಆಗ ನೆರವಾದವರು ರಕ್ತಸಂಬಂಧಿಗಳಲ್ಲ. ಡಾಕ್ಟರ್ ವಿಶ್ರಾಮ್ ರಾಮಜಿ ಘೋಲೆ ಚಿಕಿತ್ಸೆ ಮಾಡಿದರು. ಈ ಕುಟುಂಬಕ್ಕೆ ಸಹಾಯ ಮಾಡಬೇಕೆಂದು ಮಾಮಾ ಪರಮಾನಂದ ಅವರು ಬರೋಡಾ ಸಂಸ್ಥಾನಕ್ಕೆ ಪತ್ರ ಬರೆದರು. ಅಂದಹಾಗೆ, ಬರೋಡಾದ ಮಹಾರಾಜ ಸಯಾಜಿರಾವ್ ಗಾಯಕವಾಡರೂ ದತ್ತು ಮಗನೇ. ಹನ್ನೆರಡನೆಯ ವಯಸ್ಸಿನಲ್ಲಿ, 1875ರಲ್ಲಿ, ಹಳ್ಳಿಯಿಂದ ಅರಮನೆಗೆ ಬಂದವರು. ಅವರ ಶಿಕ್ಷಣದ ಕಥೆ ಇನ್ನೊಂದು ಲೇಖನಕ್ಕೆ ಆಗುವಷ್ಟಿದೆ.

ಯಶವಂತನ ಮದುವೆಯ ಮಾತು ಬಂದಾಗ ಅವನ ಹುಟ್ಟು ಮತ್ತೆ ಅಡ್ಡ ನಿಂತಿತು. ವಿಧವೆಯ ಮಗನಿಗೆ ಹೆಣ್ಣು ಕೊಡಲು ಜನ ಹಿಂದೆಗೆದರು. ಕೊನೆಗೆ ಸತ್ಯಶೋಧಕ ಕಾರ್ಯಕರ್ತ, ಹಡಪಸರದ ಜ್ಞಾನೋಬಾ ಸಸಾಣೆ ತಮ್ಮ ಮಗಳು ರಾಧಾಳನ್ನು ಕೊಡಲು ಮುಂದೆ ಬಂದರು. ಸಾವಿತ್ರಿಬಾಯಿ ಮದುವೆಗೆ ಮುನ್ನವೇ ಹುಡುಗಿಯನ್ನು ಮನೆಗೆ ಕರೆತಂದು ಇರಿಸಿಕೊಂಡರು. ಹುಡುಗ ಹುಡುಗಿ ಒಬ್ಬರನ್ನೊಬ್ಬರು ಅರಿಯಲಿ, ಆಕೆಯ ಓದೂ ಮುಂದುವರಿಯಲಿ ಎಂಬುದು ಅವರ ಉದ್ದೇಶ. 1889ರ ಫೆಬ್ರುವರಿಯಲ್ಲಿ ಪುರೋಹಿತರಿಲ್ಲದೆ ಸತ್ಯಶೋಧಕ ಪದ್ಧತಿಯಂತೆ ಮದುವೆ ನಡೆಯಿತು.

ಮರುವರ್ಷ, 1890ರ ನವೆಂಬರ್ 28ರಂದು, ಜೋತಿರಾವ್ ತೀರಿಕೊಂಡರು. ತಮ್ಮ ದೇಹವನ್ನು ಹೂಳಬೇಕೆಂಬುದು ಅವರ ಇಚ್ಛೆಯಾಗಿತ್ತು. ಮನೆಯ ಬಳಿ ಹೂಳಲು ಪುರಸಭೆಯ ಅನುಮತಿ ಸಿಗದೆ ದಹನವೇ ಗತಿಯಾಯಿತು. ಶವದ ಮುಂದೆ ಬೆಂಕಿಯ ಮಡಕೆ ಹಿಡಿದು ನಡೆಯುವವನೇ ವಾರಸುದಾರ ಎಂಬುದು ರೂಢಿ. ಯಶವಂತ ಅದನ್ನು ಹಿಡಿಯಬೇಕೆಂದಾಗ ಜೋತಿರಾವ್ ಅವರ ಬಂಧು ತಕರಾರು ತೆಗೆದ, ದತ್ತು ಮಗನಿಗೆ ಆ ಅಧಿಕಾರವಿಲ್ಲವೆಂದ. ಹದಿನಾರು ವರ್ಷದ ಹುಡುಗ, ತಂದೆಯ ಶವ ಎದುರಿಗಿದೆ, ನೆರೆದ ಜನರ ಮುಂದೆ ನೀನು ಮಗನಲ್ಲ ಎಂಬ ಮಾತು. ಸಾವಿತ್ರಿಬಾಯಿ ಮುಂದೆ ಬಂದು ಮಡಕೆಯನ್ನು ತಾವೇ ಎತ್ತಿಕೊಂಡರು. ಮೆರವಣಿಗೆಯ ಮುಂದೆ ನಡೆದು ಚಿತೆಗೆ ಬೆಂಕಿ ಕೊಟ್ಟರು.

ಈ ಪ್ರಸಂಗವನ್ನು ಸಾಮಾನ್ಯವಾಗಿ ಸ್ತ್ರೀಸ್ವಾತಂತ್ರ್ಯದ ಉದಾಹರಣೆಯಾಗಿ ಪಾಠ ಮಾಡುತ್ತಾರೆ. ಅದು ಹೌದು. ಆದರೆ ನನಗೆ ಕಾಣುವುದು ಆ ಕ್ಷಣದಲ್ಲಿ ಮಗನ ಪರವಾಗಿ ನಿಂತ ತಾಯಿ. ಅವನ ಹಕ್ಕಿಗಾಗಿ ಶವದೆದುರು ಜಗಳಕ್ಕೆ ನಿಂತಿದ್ದರೆ ಹುಡುಗ ಇನ್ನಷ್ಟು ಮಾತು ಕೇಳಬೇಕಾಗುತ್ತಿತ್ತು. ಬಂಧುವಿಗೆ ಬಿಟ್ಟುಕೊಟ್ಟಿದ್ದರೆ ಅವನು ಮಗನಲ್ಲವೆಂದು ಒಪ್ಪಿದಂತಾಗುತ್ತಿತ್ತು. ಎರಡನ್ನೂ ತಪ್ಪಿಸಿ ಮಡಕೆಯನ್ನು ತಮ್ಮ ಮನೆಯಲ್ಲೇ ಉಳಿಸಿಕೊಂಡರು. ಇಂದು ದತ್ತು ಮಗುವಿಗೆ ಕಾನೂನಿನ ರಕ್ಷಣೆಯಿದೆ. 2015ರ ಬಾಲನ್ಯಾಯ ಕಾಯ್ದೆಯಡಿ ದತ್ತು ಪಡೆದ ಮೇಲೆ ಎರಡು ವರ್ಷ, ಆರು ತಿಂಗಳಿಗೊಮ್ಮೆ ಕುಟುಂಬವನ್ನು ಭೇಟಿ ಮಾಡಿ ವರದಿ ಬರೆಯುವ ವ್ಯವಸ್ಥೆಯೂ ಇದೆ. ಸೋದರತ್ತೆ ಮದುವೆಮನೆಯಲ್ಲಿ ಆಡುವ ಒಂದು ಮಾತಿಗೆ ಮಾತ್ರ ಯಾವ ಕಾಯ್ದೆಯೂ ಇಲ್ಲ. ಅಂಥ ಮಾತು ಕೇಳಿಬಂದ ಮಗು ಮರುದಿನ ಬೆಳಿಗ್ಗೆ ನಮ್ಮ ತರಗತಿಯಲ್ಲಿ ಕುಳಿತಿರುತ್ತದೆ.

ಜೋತಿರಾವ್ ಕೊನೆಯ ದಿನಗಳಲ್ಲಿ ಎಡಗೈಯಿಂದ ಬರೆದು ಮುಗಿಸಿದ ಸಾರ್ವಜನಿಕ ಸತ್ಯಧರ್ಮ ಪುಸ್ತಕವನ್ನು 1891ರಲ್ಲಿ ಪ್ರಕಟಿಸಿದ್ದು ಯಶವಂತ. ಮುಂದೆ ವೈದ್ಯಶಿಕ್ಷಣ ಪಡೆದು ಸೈನ್ಯದ ವೈದ್ಯಕೀಯ ಸೇವೆಗೆ ಸೇರಿದರು. ರಾಧಾ 1895ರಲ್ಲಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು.

1897ರಲ್ಲಿ ಪುಣೆಗೆ ಪ್ಲೇಗ್ ಹಬ್ಬಿದಾಗ ಸಾವಿತ್ರಿಬಾಯಿ ಮಗನನ್ನು ಕರೆಸಿಕೊಂಡರು. ಊರ ಹೊರಗೆ ಹಡಪಸರದ ಬಳಿ, ಬೀಗರಾದ ಸಸಾಣೆಯವರ ಜಮೀನಿನಲ್ಲಿ, ಚಿಕಿತ್ಸಾಲಯ ತೆರೆದರು. ಮಗ ವೈದ್ಯ, ತಾಯಿ ರೋಗಿಗಳನ್ನು ಹುಡುಕಿ ತರುವವರು. ಮುಂಢವಾದ ದಲಿತ ಕೇರಿಯಲ್ಲಿ ಹತ್ತು ವರ್ಷದ ಹುಡುಗನೊಬ್ಬ ಪ್ಲೇಗಿನಿಂದ ಬಿದ್ದಿರುವ ಸುದ್ದಿ ಬಂತು. ಅರವತ್ತಾರರ ಸಾವಿತ್ರಿಬಾಯಿ ಹೋಗಿ ಅವನನ್ನು ಬೆನ್ನ ಮೇಲೆ ಹೊತ್ತು ಚಿಕಿತ್ಸಾಲಯಕ್ಕೆ ತಂದರು. ಸೋಂಕು ಅವರಿಗೂ ತಗುಲಿತು. ಮಾರ್ಚ್ 10ರಂದು ತೀರಿಕೊಂಡರು.

ಎಂಟು ವರ್ಷಗಳ ನಂತರ, 1905ರಲ್ಲಿ, ಡಾಕ್ಟರ್ ಯಶವಂತ ಫುಲೆ ಅವರೂ ಪ್ಲೇಗಿನಿಂದಲೇ ತೀರಿಕೊಂಡರು. ಅವರು ಬೆಳೆದ ಗಂಜ್ ಪೇಟೆಯ ಮನೆ ಈಗ ಸ್ಮಾರಕವಾಗಿದೆ. 1868ರಲ್ಲಿ ಅಸ್ಪೃಶ್ಯರಿಗೆಂದು ಜೋತಿರಾವ್ ಬಿಟ್ಟುಕೊಟ್ಟ ನೀರಿನ ತೊಟ್ಟಿ ಇದ್ದದ್ದು ಇದೇ ಮನೆಯಲ್ಲಿ. ಶೈಕ್ಷಣಿಕ ಪ್ರವಾಸಕ್ಕೆ ಪುಣೆಗೆ ಹೋಗುವ ತಂಡದವರು ಭಿಡೆವಾಡೆ ಇದ್ದ ಜಾಗದ ಜೊತೆಗೆ ಇಲ್ಲಿಗೂ ಒಂದು ಗಂಟೆ ಮೀಸಲಿಡಿ. ಬಾಲಹತ್ಯಾ ಪ್ರತಿಬಂಧಕ ಗೃಹ ನಡೆದದ್ದೂ ಯಶವಂತನ ತೊಟ್ಟಿಲು ತೂಗಿದ್ದೂ ಆ ಮನೆಯಲ್ಲೇ.