ದೇವನೂರಿನ ಕಾವ್ಯವನ್ನು ಅಚ್ಚು ಹಾಕಿಸಿದ ಪಾದ್ರಿ

ಕಡೂರು, ತರೀಕೆರೆ, ಅಜ್ಜಂಪುರದ ಕಡೆಯವರಿಗೆ ಜೈಮಿನಿ ಭಾರತ ಅಂದ್ರೆ ಸ್ವಲ್ಪ ಜಂಬ ಜಾಸ್ತಿ. ಲಕ್ಷ್ಮೀಶ ಕವಿ ಕಡೂರು ತಾಲ್ಲೂಕಿನ ದೇವನೂರಿನವನು ಅಂತ ಹೈಸ್ಕೂಲಿನಿಂದಲೂ ಕೇಳುತ್ತಾ ಬಂದಿದ್ದೇವೆ. ಆದರೆ ಆ ಕಾವ್ಯ 1848ರಲ್ಲಿ ಮಂಗಳೂರಿನ ಒಂದು ಕ್ರೈಸ್ತ ಮಿಷನ್ನಿನ ಮುದ್ರಣಾಲಯದಲ್ಲಿ ಅಚ್ಚಾಯಿತು, ಮಾಡಿಸಿದ್ದು ಒಬ್ಬ ಜರ್ಮನ್ ಪಾದ್ರಿ ಅನ್ನೋದು ನಮ್ಮ ಕನ್ನಡ ಸಂಘದಲ್ಲಿ ಬಹಳ ಜನಕ್ಕೆ ಹೊಸ ಸುದ್ದಿ. ಬೈಬಲ್ ಸಾರೋಕೆ ಬಂದವರು ಕೃಷ್ಣನ ಕಥೆಯನ್ನು ಯಾಕೆ ಅಚ್ಚು ಹಾಕಿಸಿದರು? ಈ ಪ್ರಶ್ನೆ ಹಿಡಿದು ಹೊರಟರೆ ಹರ್ಮನ್ ಮೋಗ್ಲಿಂಗ್ ಅವರ ಇಡೀ ಬದುಕು ಎದುರಿಗೆ ಬರುತ್ತದೆ.

ಮೋಗ್ಲಿಂಗ್ ಹುಟ್ಟಿದ್ದು 1811ರ ಮೇ 29ರಂದು, ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಬ್ರಾಕೆನ್‌ಹೈಮ್ ಎಂಬ ಊರಲ್ಲಿ. ಟ್ಯೂಬಿಂಗೆನ್‌ನಲ್ಲಿ ದೇವಶಾಸ್ತ್ರ ಓದಿದರು. ಅಷ್ಟು ಓದಿದವರು ತಮ್ಮ ಸೀಮೆಯಲ್ಲೇ ಒಂದು ಚರ್ಚು, ಒಂದು ಮನೆ, ಒಂದು ಸಂಬಳ ಅಂತ ಆರಾಮಾಗಿ ಇದ್ದುಬಿಡಬಹುದಿತ್ತು. ಆದರೆ ಆ ಸೀಮೆಯಲ್ಲಿ ಆಗ ಪಯಟಿಸಂ ಎಂಬ ಭಕ್ತಿಪಂಥ ಬಲವಾಗಿತ್ತು. ಚರ್ಚಿನ ವಿಧಿ ಮಾತ್ರ ಸಾಲದು, ಮನೆಯಲ್ಲಿ ನಾಲ್ಕು ಜನ ಕೂತು ಬೈಬಲ್ ಓದಬೇಕು, ಓದಿದ್ದು ಎದೆಗೆ ತಾಗಬೇಕು ಅನ್ನೋದು ಅವರ ನಂಬಿಕೆ. ನಮ್ಮ ಕಡೆ ಭಜನೆಯ ಬಳಗ ಇರುತ್ತಲ್ಲ, ಸುಮಾರಾಗಿ ಹಾಗೆ ಅಂದುಕೊಳ್ಳಿ.

ಇವರ ಮಾತಿನಲ್ಲಿ ಸಂತೋಷ ಅಂದ್ರೆ ಒಳ್ಳೆಯ ರಿಸಲ್ಟ್ ಬಂದ ದಿನದ ಖುಷಿಯಲ್ಲ. ಬೈಬಲ್ಲಿನಲ್ಲಿ ಸಂತ ಪೌಲ ಫಿಲಿಪ್ಪಿಯವರಿಗೆ ಬರೆದ ಪುಟ್ಟ ಪತ್ರ ಒಂದಿದೆ. ಅದರಲ್ಲಿ ಸಂತೋಷದ ಮಾತು ಮತ್ತೆ ಮತ್ತೆ ಬರುತ್ತದೆ. ಆತ ಅದನ್ನು ಬರೆದದ್ದು ಸೆರೆಯಲ್ಲಿ ಕೂತು! ಹೊರಗಿನ ಸ್ಥಿತಿ ಹೇಗೇ ಇರಲಿ, ದೇವರು ತನ್ನ ಕೈಬಿಟ್ಟಿಲ್ಲ ಅನ್ನೋ ಭರವಸೆಯಿಂದ ಹುಟ್ಟುವ, ಆರದ ಸಂತೋಷ ಅದು. ಅದನ್ನು ಒಬ್ಬರೇ ಇಟ್ಟುಕೊಳ್ಳುವಂತಿಲ್ಲ, ಹಂಚಬೇಕು. ಮಿಷನರಿಗಳು ಹಡಗು ಹತ್ತಿದ್ದರ ಹಿಂದೆ ಈ ಒತ್ತಾಯ ಇತ್ತು. 1836ರಲ್ಲಿ ಬಾಸೆಲ್ ಮಿಷನ್ನಿನಿಂದ ಮೋಗ್ಲಿಂಗ್ ಮಂಗಳೂರಿಗೆ ಬಂದರು.

ಬಂದವರು ಮೊದಲು ಮಾಡಿದ ಕೆಲಸ ಕನ್ನಡ ಕಲಿತದ್ದು. ಹೇಗೆ ಕಲಿತರು ಅಂದ್ರೆ, 1843ರ ಜುಲೈ 1ರಂದು ಮಂಗಳೂರ ಸಮಾಚಾರ ಹೊರಡಿಸಿದರು. ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ, ನಾಲ್ಕು ಪುಟದ, ಕನ್ನಡದ ಮೊದಲ ಪತ್ರಿಕೆ. ಜುಲೈ 1 ನಮ್ಮಲ್ಲಿ ಪತ್ರಿಕಾ ದಿನ ಆಗಿರೋದು ಇದಕ್ಕೇ. ಊರಿನ ಸುದ್ದಿ, ಸರ್ಕಾರದ ಕಾನೂನು, ಕಥೆ, ದಾಸರ ಪದ ಎಲ್ಲ ಅದರಲ್ಲಿದ್ದವು. ಅಚ್ಚಾಗುತ್ತಿದ್ದದ್ದು ಕಲ್ಲಚ್ಚಿನಲ್ಲಿ. ಸುಣ್ಣಕಲ್ಲಿನ ನುಣ್ಣನೆಯ ಹಲಗೆಯ ಮೇಲೆ ಜಿಡ್ಡಿನ ಶಾಯಿಯಲ್ಲಿ ಅಕ್ಷರ ಮೂಡಿಸಿ, ಕಲ್ಲನ್ನು ಒದ್ದೆ ಮಾಡಿ, ಮೇಲೆ ಮಸಿ ಉರುಳಿಸಿದರೆ ಒದ್ದೆ ಜಾಗ ಮಸಿಯನ್ನು ತಳ್ಳುತ್ತದೆ, ಜಿಡ್ಡಿನ ಅಕ್ಷರ ಹಿಡಿದುಕೊಳ್ಳುತ್ತದೆ. ಎಣ್ಣೆಗೂ ನೀರಿಗೂ ಆಗಿಬರಲ್ಲ ಅನ್ನೋ ಒಂದೇ ತತ್ವ. ಮರುವರ್ಷ ಪತ್ರಿಕೆ ಬಳ್ಳಾರಿಗೆ ಹೋಗಿ, ಕನ್ನಡ ಸಮಾಚಾರ ಎಂಬ ಹೆಸರಿನಲ್ಲಿ ಲೋಹದ ಅಚ್ಚುಮೊಳೆಯಲ್ಲಿ ಬಂತು. ಮಂಗಳೂರಿನ ಮುದ್ರಣಾಲಯಕ್ಕೆ ಮೊಳೆ ಬಂದದ್ದು 1851ರಲ್ಲಿ. ಆಗ ಮುದ್ರಣಾಲಯ ನೋಡಿಕೊಳ್ಳಲು ಬಂದ ಪ್ಲೆಬ್ಸ್ಟ್ ಎಂಬ ಮೆಕ್ಯಾನಿಕ್ ಮುಂದೆ ಅಲ್ಲಿನ ಜೇಡಿಮಣ್ಣನ್ನು ಪರೀಕ್ಷಿಸಿ 1865ರಲ್ಲಿ ಹೆಂಚಿನ ಕಾರ್ಖಾನೆ ತೆಗೆದರು. ಮಂಗಳೂರು ಹೆಂಚಿನ ಕಥೆ ಅದು. ಇನ್ನೊಂದು ಸಂಚಿಕೆಗೆ ಇರಲಿ.

1844ರ ಆರಂಭದಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ಯುವಕ ದೀಕ್ಷಾಸ್ನಾನ ಪಡೆದ. ವಯಸ್ಸು ಹತ್ತೊಂಬತ್ತರ ಆಸುಪಾಸು, ಅಂದ್ರೆ ನಮ್ಮಲ್ಲಿ ಸೆಕೆಂಡ್ ಇಯರ್. ತನ್ನ ಹೆಸರಿನ ಜೊತೆ ಗುರುವಿನ ಹರ್ಮನ್ ಎಂಬ ಹೆಸರನ್ನೂ ಸೇರಿಸಿಕೊಂಡ. ಮಂಗಳೂರಿನಲ್ಲಿ ದೊಡ್ಡ ಗಲಾಟೆಯಾಯಿತು. ಮನೆಯವರ ಪಾಲಿಗೆ ಮಗ ಸತ್ತಂತೆಯೇ ಆಯಿತು, ಅವನ ಹೆಂಡತಿ ಅವನ ಜೊತೆ ಹೋಗಲಿಲ್ಲ. ಒಬ್ಬರಿಗೆ ಸಿಕ್ಕ ಸಂತೋಷಕ್ಕೆ ಇನ್ನೊಬ್ಬರು ತೆತ್ತ ಬೆಲೆ ಇದು. ಮೋಗ್ಲಿಂಗ್ ಅವರನ್ನು ಹೊಗಳುವ ಬರಹಗಳು ಈ ಭಾಗವನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತವೆ. ನಮಗೆ ಹಾಗೆ ದಾಟೋಕೆ ಮನಸ್ಸು ಬರಲಿಲ್ಲ. ಕೌಂಡಿನ್ಯ ಮುಂದೆ ಬಾಸೆಲ್‌ನಲ್ಲಿ ಓದಿ, ಪಾದ್ರಿಯಾಗಿ 1851ರಲ್ಲಿ ಹಿಂದಿರುಗಿದರು.

ಇನ್ನು ಜೈಮಿನಿಗೆ ಬರೋಣ. ಈ ಜನಕ್ಕೆ ತನ್ನ ಸಂತೋಷವನ್ನು ಹೇಳಬೇಕಾದರೆ, ಮೊದಲು ಇವರು ಯಾವುದರಲ್ಲಿ ಸಂತೋಷ ಕಂಡಿದ್ದಾರೆ ಅಂತ ತಿಳೀಬೇಕು ಎಂಬುದು ಮೋಗ್ಲಿಂಗ್ ಅವರ ದಾರಿಯಾಗಿತ್ತು. ಉದ್ದೇಶ ಧರ್ಮಪ್ರಚಾರವೇ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಬರೀ ಅಷ್ಟಕ್ಕೇ ಆಗಿದ್ದರೆ ಓದಿ ಟಿಪ್ಪಣಿ ಮಾಡಿಕೊಂಡಿದ್ದರೆ ಸಾಕಿತ್ತು. ಇವರು ಓಲೆಗರಿ ಹುಡುಕಿಸಿ ಬಿಬ್ಲಿಯೋಥಿಕಾ ಕರ್ನಾಟಿಕಾ ಎಂಬ ಮಾಲೆಯನ್ನೇ ತೆರೆದರು. ನೀಲಗಿರಿಯ ಕೇತಿಯಲ್ಲಿ ನೆಲೆಸಿದ್ದ ನಿವೃತ್ತ ನ್ಯಾಯಾಧೀಶ ಕಾಸಮೇಜರ್ ಹಣ ಕೊಟ್ಟರು. ಜೈಮಿನಿ ಭಾರತ, ತೊರವೆ ರಾಮಾಯಣ, ಬಸವಪುರಾಣ, ಪುರಂದರದಾಸರು ಕನಕದಾಸರ ಪದಗಳು ಒಂದರ ಹಿಂದೆ ಒಂದು ಬಂದವು. ವೈಷ್ಣವರದು, ವೀರಶೈವರದು ಅನ್ನೋ ಭೇದ ಇಲ್ಲ. ದಾಸರ ಪದಗಳು ಅವರಿಗೆ ಎಷ್ಟು ಹಿಡಿಸಿದವು ಅಂದ್ರೆ, ಮುಂದೆ ಕೆಲವನ್ನು ಜರ್ಮನ್ ಪದ್ಯಕ್ಕೆ ತಂದರು.

1853ರಲ್ಲಿ ಜರ್ಮನಿಗೆ ಹೊರಟಿದ್ದವರು ಹಾದಿ ಬದಲಿಸಿದರು. ನೆಮ್ಮದಿ ಹುಡುಕಿ ಮನೆ ಬಿಟ್ಟಿದ್ದ ಅಳಮಂಡ ಸೋಮಯ್ಯ ಎಂಬ ಕೊಡವ ಮಂಗಳೂರಿಗೆ ಬಂದು ಕ್ರೈಸ್ತನಾಗಿದ್ದ. ಮನೆಗೆ ಮರಳುವ ಅವನ ಜೊತೆ ಮೋಗ್ಲಿಂಗ್ ಕೊಡಗಿಗೆ ನಡೆದರು. ಅಲ್ಲಿ ಕಂಡದ್ದನ್ನು ಕೂರ್ಗ್ ಮೆಮೈರ್ಸ್ ಎಂಬ ಪುಸ್ತಕವಾಗಿ 1855ರಲ್ಲಿ ಬರೆದರು. ಕೊಡಗಿನ ಗದ್ದೆಗಳಲ್ಲಿ ತಲೆತಲಾಂತರದಿಂದ ಜೀತಕ್ಕಿದ್ದ ದಲಿತ ಕುಟುಂಬಗಳು ಅವರ ಬಳಿ ಬಂದವು. ಆ ಕುಟುಂಬಗಳಿಗಾಗಿ ಸಿದ್ದಾಪುರದ ಹತ್ತಿರ, ಆ ದಶಕದ ಕೊನೆಯ ಹೊತ್ತಿಗೆ, ಮೋಗ್ಲಿಂಗ್ ಮತ್ತು ಕೌಂಡಿನ್ಯರ ಪ್ರಯತ್ನದಿಂದ ಒಂದು ಊರು ಕಟ್ಟಿತು: ಆನಂದಪುರ. ಹೆಸರಲ್ಲಿ ಆನಂದರಾಯರೂ ಇದ್ದಾರೆ, ಆನಂದವೂ ಇದೆ. ಇಡೀ ಕಥೆಯಲ್ಲಿ ನಮಗೆ ಬಹಳ ಹಿಡಿಸಿದ್ದು ಈ ಊರೇ. ಅಷ್ಟು ವರ್ಷ ಪುಸ್ತಕದಲ್ಲಿ ಓದಿ ಬಾಯಲ್ಲಿ ಹೇಳಿದ ಸಂತೋಷ ಇಲ್ಲಿ ಒಂದು ಸೂರಾಯಿತು, ಉಳೋಕೆ ನೆಲವಾಯಿತು.

ಅಷ್ಟರಲ್ಲಿ, ಬೈಬಲ್ಲಿನ ಕನ್ನಡ ಅನುವಾದದಲ್ಲಿ ತೊಡಗಿದ್ದ ಬಂಧು ಹಾಗೂ ಗೆಳೆಯ ವೈಗ್ಲೆ ತೀರಿಕೊಂಡಿದ್ದರು. ಅವರ ಪತ್ನಿ ಪೌಲಿನ್ ಅವರನ್ನು ಮೋಗ್ಲಿಂಗ್ ಮದುವೆಯಾದರು. 1858ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅವರ ಕನ್ನಡದ ಕೆಲಸಕ್ಕೆ ಗೌರವ ಡಾಕ್ಟರೇಟ್ ಕೊಟ್ಟಿತು. 1860ರಲ್ಲಿ ಪತ್ನಿಯ ಅನಾರೋಗ್ಯದಿಂದ ಜರ್ಮನಿಗೆ ಹೋದವರು ಮತ್ತೆ ಇತ್ತ ಬರಲಾಗಲಿಲ್ಲ.

ದೂರದಲ್ಲಿದ್ದರೂ ಕನ್ನಡ ಬಿಡಲಿಲ್ಲ. ಕನ್ನಡಕ್ಕೊಂದು ದೊಡ್ಡ ನಿಘಂಟು ಆಗಲೇಬೇಕು ಎಂದು ಹಿಂದೆ ನಿಂತರು. ಆ ಕೆಲಸ ಹೊತ್ತವರು ಕಿಟ್ಟೆಲ್. 1881ರ ಮೇ 10ರಂದು ಎಸ್ಲಿಂಗೆನ್‌ನಲ್ಲಿ ಮೋಗ್ಲಿಂಗ್ ತೀರಿಕೊಂಡಾಗ ನಿಘಂಟು ಇನ್ನೂ ಮುಗಿದಿರಲಿಲ್ಲ. ಸುಮಾರು 70,000 ಪದಗಳೊಂದಿಗೆ ಅದು ಹೊರಬಂದದ್ದು 1894ರಲ್ಲಿ, ಮೋಗ್ಲಿಂಗ್ ಜೈಮಿನಿಯನ್ನು ಕಲ್ಲಚ್ಚಿಗೆ ಹಾಕಿಸಿದ್ದ ಅದೇ ಮಂಗಳೂರಿನ ಮುದ್ರಣಾಲಯದಿಂದ.