ಗಂಡಿಪೇಟೆಯ ನೀರು, ಮುದ್ದೇನಹಳ್ಳಿಯ ಎಂಜಿನಿಯರ್

ಗಂಡಿಪೇಟೆಯ ನೀರು ಕುಡಿದವರು ಹೈದರಾಬಾದ್ ಬಿಟ್ಟು ಹೋಗುವುದಿಲ್ಲ ಎನ್ನುವುದು ಈ ಊರಿನವರ ಹೆಮ್ಮೆಯ ಮಾತು. ಗಂಡಿಪೇಟೆ ಎಂದರೆ ಉಸ್ಮಾನ್ ಸಾಗರ. ಗಚ್ಚಿಬೌಲಿ, ಕೋಕಾಪೇಟೆ ಕಡೆ ಕೆಲಸ ಮಾಡುವ ನನ್ನಂಥ ಕನ್ನಡಿಗರಿಗೆ ಅದು ವಾರಾಂತ್ಯದ ತಾಣ. ಆ ಜಲಾಶಯದ ಯೋಚನೆ ನಮ್ಮ ವಿಶ್ವೇಶ್ವರಯ್ಯನವರದು ಎಂದರೆ ತೆಲುಗು ಗೆಳೆಯರು ಬಿಟ್ಟುಕೊಡುವುದಿಲ್ಲ. ಮೋಕ್ಷಗುಂಡಂ ಆಂಧ್ರದ ಊರು, ಹಾಗಾಗಿ ಅವರು ನಮ್ಮವರು ಎಂದು ವಾದ ಹೂಡುತ್ತಾರೆ. ಊಟದ ಬಿಡುವಿನಲ್ಲಿ ಈ ಜಗಳ ಚೆನ್ನಾಗಿಯೇ ಇರುತ್ತದೆ. ಆದರೆ ಅವರು ಯಾವ ಊರಿನವರು ಎನ್ನುವುದಕ್ಕಿಂತ, ಅವರು ನಾಯಕರಾಗಿ ಹೇಗೆ ನಡೆದುಕೊಂಡರು ಎನ್ನುವುದೇ ನನಗೆ ಹೆಚ್ಚು ಮುಖ್ಯ ಅನ್ನಿಸುತ್ತದೆ.

1861ರಲ್ಲಿ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಹುಡುಗ ಚಿಕ್ಕವನಿದ್ದಾಗಲೇ ತಂದೆಯನ್ನು ಕಳೆದುಕೊಂಡ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮಕ್ಕಳಿಗೆ ಮನೆಪಾಠ ಹೇಳಿ ಖರ್ಚು ತೂಗಿಸಿದ. ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಯಲ್ಲಿ ಎಂಜಿನಿಯರಿಂಗ್ ಮುಗಿಸಿ, 1884ರಲ್ಲಿ ಮುಂಬೈ ಪ್ರಾಂತ್ಯದ ಲೋಕೋಪಯೋಗಿ ಇಲಾಖೆ ಸೇರಿದ. ಅಲ್ಲಿ ಒಳ್ಳೆಯ ಹೆಸರು ಬಂದರೂ ಮುಖ್ಯ ಎಂಜಿನಿಯರ್ ಹುದ್ದೆ ತಮಗೆ ಸಿಗುವಂತಿಲ್ಲ ಎಂಬುದು ಎಂ.ವಿ. ಅವರಿಗೆ ಗೊತ್ತಾಯಿತು. ಗೊಣಗುತ್ತಾ ಕೂರಲಿಲ್ಲ. 1908ರಲ್ಲಿ ತಾವಾಗಿಯೇ ನಿವೃತ್ತಿ ಪಡೆದು ವಿದೇಶ ಪ್ರವಾಸಕ್ಕೆ ಹೊರಟರು.

ಅದೇ ವರ್ಷ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹೈದರಾಬಾದನ್ನು ನುಂಗಿತು. ಸತ್ತವರು ಸುಮಾರು 15 ಸಾವಿರ ಎನ್ನುತ್ತಾರೆ. ಇಂದಿನ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿರುವ ಹುಣಸೆ ಮರ ಹತ್ತಿ ಸುಮಾರು 150 ಜನ ಜೀವ ಉಳಿಸಿಕೊಂಡರು ಎಂದು ಊರು ಈಗಲೂ ನೆನೆಯುತ್ತದೆ. ನಿಜಾಮರ ಸರ್ಕಾರ ಎಂ.ವಿ. ಅವರನ್ನು ಕರೆಸಿಕೊಂಡಿತು. 1909ರಲ್ಲಿ ಅವರು ಇಲ್ಲಿಗೆ ಬಂದರು.

ಇಂಥ ಹೊತ್ತಿನಲ್ಲಿ ಮುಂದಾಳುಗಳು ಸಾಮಾನ್ಯವಾಗಿ ಮಾಡುವ ತಪ್ಪು ನಮ್ಮ ಐಟಿಯವರಿಗೆ ಚೆನ್ನಾಗಿ ಗೊತ್ತು. ರಾತ್ರಿ ಸರ್ವರ್ ಬಿದ್ದರೆ ರೀಸ್ಟಾರ್ಟ್ ಮಾಡಿ, ಸರಿಹೋಯಿತು ಎಂದು ಮೇಲ್ ಹಾಕಿ ಮಲಗುವುದು. ಊರೊಳಗೆ ಎತ್ತರದ ಗೋಡೆ ಕಟ್ಟಿಸಿ ಶಹಬ್ಬಾಸ್ ಅನ್ನಿಸಿಕೊಳ್ಳುವುದು ಎಂ.ವಿ. ಅವರಿಗೂ ಸುಲಭವಿತ್ತು. ಅವರು ಮಳೆಯ ಲೆಕ್ಕ ತರಿಸಿದರು, ನದಿಯ ಮೇಲ್ಭಾಗದ ಪ್ರದೇಶವನ್ನು ಅಭ್ಯಾಸ ಮಾಡಿದರು. ಅಲ್ಲಿನ ನೂರಾರು ಕೆರೆಗಳಲ್ಲಿ ಇನ್ನೂರಕ್ಕೂ ಹೆಚ್ಚು ಒಡೆದು, ಆ ನೀರೂ ಊರಿನ ಮೇಲೆ ಬಂದಿತ್ತು. ಊರಿಗೆ ಬರುವ ಮೊದಲೇ ಪ್ರವಾಹವನ್ನು ತಡೆಯಬೇಕು, ಅದಕ್ಕೆ ಮೂಸಿಗೆ ಒಂದು, ಅದರ ಉಪನದಿ ಈಸಿಗೆ ಒಂದು ಜಲಾಶಯ ಬೇಕು ಎಂದು ವರದಿ ಕೊಟ್ಟರು. ಊರಿನ ಒಳಚರಂಡಿಗೂ ಯೋಜನೆ ಹಾಕಿದರು.

ವರದಿ ಕೊಟ್ಟು ಅದೇ ವರ್ಷ ಮೈಸೂರಿಗೆ ಹೋದರು. ಉಸ್ಮಾನ್ ಸಾಗರ ಮುಗಿದದ್ದು 1920ರಲ್ಲಿ, ಹಿಮಾಯತ್ ಸಾಗರ 1927ರಲ್ಲಿ. ಕಟ್ಟಿದ ಕೀರ್ತಿಯನ್ನು ಈ ಊರು ನಿಜಾಮರ ಎಂಜಿನಿಯರ್ ನವಾಬ್ ಅಲಿ ನವಾಜ್ ಜಂಗ್ ಬಹಾದೂರ್ ಅವರಿಗೆ ಕೊಡುತ್ತದೆ. ತೆಲಂಗಾಣ ಅವರ ಜನ್ಮದಿನವಾದ ಜುಲೈ 11ನ್ನು ತನ್ನ ಎಂಜಿನಿಯರುಗಳ ದಿನವಾಗಿ ಆಚರಿಸುತ್ತದೆ. ಇದರಲ್ಲಿ ನಾವು ಬೇಸರಪಡುವಂಥದ್ದೇನೂ ಇಲ್ಲ. ತಾವಿಲ್ಲದಿದ್ದರೂ ಬೇರೆಯವರು ನಡೆಸಿಕೊಂಡು ಹೋಗುವಂಥ ಯೋಜನೆ ಕೊಟ್ಟದ್ದೇ ಎಂ.ವಿ. ಅವರ ದೊಡ್ಡತನ. ಎಲ್ಲವೂ ತನ್ನ ತಲೆಯಲ್ಲೇ ಇರಲಿ, ತಾನಿಲ್ಲದೆ ಕೆಲಸ ನಿಲ್ಲಲಿ ಎಂದು ಬಯಸುವ ಮ್ಯಾನೇಜರುಗಳನ್ನು ನಾವೆಲ್ಲ ಕಂಡಿದ್ದೇವೆ.

ಮೈಸೂರಿನಲ್ಲಿ ಮುಖ್ಯ ಎಂಜಿನಿಯರ್ ಆಗಿ, 1912ರಲ್ಲಿ ದಿವಾನರಾದರು. ಶಿಫಾರಸು ಕೇಳಿಕೊಂಡು ಬರಬೇಡಿ ಎಂದು ಬಂಧುಗಳಿಗೆ ಮೊದಲೇ ತಾಕೀತು ಮಾಡಿದ ಪ್ರಸಂಗವನ್ನು ನಾವು ಶಾಲೆಯಲ್ಲೇ ಕೇಳಿದ್ದೇವೆ. ಮೈಸೂರು ಬ್ಯಾಂಕ್ 1913ರಲ್ಲಿ, ಕನ್ನಡ ಸಾಹಿತ್ಯ ಪರಿಷತ್ತು 1915ರಲ್ಲಿ, ಮೈಸೂರು ವಿಶ್ವವಿದ್ಯಾಲಯ 1916ರಲ್ಲಿ, ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು 1917ರಲ್ಲಿ ಶುರುವಾದವು. ಕನ್ನಂಬಾಡಿ ಕಟ್ಟೆಯ ಕೆಲಸವೂ ಜೊತೆಜೊತೆಗೆ ನಡೆಯಿತು.

ಸೆಪ್ಟೆಂಬರ್ 15ರಂದು ನಾವು ಹಂಚಿಕೊಳ್ಳುವ ವಾಟ್ಸ್ಆ್ಯಪ್ ಸಂದೇಶಗಳು ಇಲ್ಲಿಗೆ ಮುಗಿಯುತ್ತವೆ. 1918 ಅವುಗಳಲ್ಲಿ ಇರುವುದಿಲ್ಲ. ಸರ್ಕಾರಿ ಹುದ್ದೆಗಳಲ್ಲಿ ಬ್ರಾಹ್ಮಣರೇ ತುಂಬಿದ್ದಾರೆ, ಉಳಿದವರಿಗೂ ಪಾಲು ಬೇಕು ಎಂಬ ಕೂಗು ಆಗ ಮೈಸೂರಿನಲ್ಲಿ ಎದ್ದಿತ್ತು. 1917ರಲ್ಲಿ ಪ್ರಜಾಮಿತ್ರ ಮಂಡಳಿ ಹುಟ್ಟಿತು. ನಾಲ್ವಡಿ ಕೃಷ್ಣರಾಜ ಒಡೆಯರ್ ಈ ಬೇಡಿಕೆಗೆ ಕಿವಿಗೊಟ್ಟು, ಸರ್ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಎಂ.ವಿ. ಒಪ್ಪಲಿಲ್ಲ. ಹುದ್ದೆಗೆ ಯೋಗ್ಯತೆಯೊಂದೇ ಅಳತೆ, ಅದು ಸಡಿಲವಾದರೆ ಆಡಳಿತ ಕೆಡುತ್ತದೆ ಎಂಬುದು ಅವರ ನಿಲುವು. 1918ರ ಕೊನೆಗೆ ದಿವಾನಗಿರಿ ಬಿಟ್ಟರು.

ಈ ವಿಷಯದಲ್ಲಿ ಮಹಾರಾಜರೇ ಹೆಚ್ಚು ದೂರ ನೋಡಿದರು ಎಂದು ನನಗೆ ಅನ್ನಿಸುತ್ತದೆ. ಬಡತನದಲ್ಲಿ ಓದಿ ಮೇಲೆ ಬಂದವರಿಗೆ, ತಾನು ಹತ್ತಿದ ಏಣಿ ಎಲ್ಲರ ಮನೆ ಮುಂದೆಯೂ ಇದೆ ಎಂಬ ಭ್ರಮೆ ಬರುವುದುಂಟು. ಬಡತನವಿದ್ದರೂ ಎಂ.ವಿ. ಹುಟ್ಟಿದ್ದು ಅಕ್ಷರ ಬಲ್ಲವರ ಮನೆಯಲ್ಲಿ. ತಲೆತಲಾಂತರದಿಂದ ಓದಿನಿಂದ ದೂರ ಉಳಿದವರ ಬಡತನವೇ ಬೇರೆ. ಒಳ್ಳೆಯ ನಾಯಕರೂ ಮಾಡುವ ತಪ್ಪು ಇದು. ಕ್ಯಾಂಪಸ್ ಆಯ್ಕೆಯಲ್ಲಿ ಮೆರಿಟ್ ಎಂದು ಹೇಳಿ ನಾಲ್ಕೇ ಕಾಲೇಜುಗಳ ಹುಡುಗರನ್ನು ಆರಿಸಿಕೊಳ್ಳುವ ನಮ್ಮ ಉದ್ಯಮವೂ ಇದನ್ನೇ ಮಾಡುತ್ತಿದೆ.

ಆದರೆ ಅವರ ನಡತೆಯ ಗಟ್ಟಿತನ ಕಾಣುವುದೂ ಇಲ್ಲಿಯೇ. ಭಿನ್ನಾಭಿಪ್ರಾಯವಿದ್ದೂ ಕುರ್ಚಿಗೆ ಅಂಟಿಕೊಂಡು, ದೊರೆಯ ಮುಂದೆ ತಲೆಯಾಡಿಸಿ, ಹಿಂದಿನಿಂದ ಕಡತವನ್ನು ಕೊಳೆಹಾಕುವ ದಾರಿ ಅವರಿಗೂ ಇತ್ತು. ಅದನ್ನು ಅವರು ಹಿಡಿಯಲಿಲ್ಲ. ಒಪ್ಪದ ಕೆಲಸವನ್ನು ಒಪ್ಪಿದಂತೆ ನಟಿಸದೆ ಹೊರಗೆ ಬಂದರು. ಮನಸ್ತಾಪವನ್ನು ಬೆಳೆಸಲೂ ಇಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ ನಷ್ಟದಲ್ಲಿ ಮುಳುಗುತ್ತಿದ್ದಾಗ ಅದೇ ಮಹಾರಾಜರ ಸರ್ಕಾರ ಕರೆಯಿತು. ದಿವಾನರಾಗಿದ್ದವರು 1923ರಲ್ಲಿ ಬಂದು ಒಂದು ಕಾರ್ಖಾನೆಯ ಹೊಣೆ ಹೊತ್ತು, ಆರು ವರ್ಷ ದುಡಿದರು. ಆ ಕೆಲಸದಿಂದ ತಮಗೆ ಸಲ್ಲಬೇಕಾದ ಹಣವನ್ನು ಯುವಕರಿಗೆ ಕಸುಬು ಕಲಿಸುವ ಸಂಸ್ಥೆಗೆ ಬಿಟ್ಟುಕೊಟ್ಟರು. ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ ಹುಟ್ಟಿದ್ದು ಹಾಗೆ.

1955ರಲ್ಲಿ ಭಾರತರತ್ನ ಬಂತು. 1962ರ ಏಪ್ರಿಲ್‌ನಲ್ಲಿ, ನೂರು ದಾಟಿದ ಮೇಲೆ, ಅವರು ತೀರಿಕೊಂಡರು. ಎಂ.ವಿ. ತಪ್ಪೇ ಮಾಡದ ದೇವರು ಎಂದು ಪಟಕ್ಕೆ ಹಾರ ಹಾಕಿದರೆ ನಮಗೆ ಕಲಿಯಲು ಏನೂ ಉಳಿಯುವುದಿಲ್ಲ. ಅವರ ಅಭಿಪ್ರಾಯ ತಪ್ಪಿರಬಹುದು, ಆದರೆ ನಡೆಗೂ ನುಡಿಗೂ ಅಂತರವಿರಲಿಲ್ಲ. ಊಟದ ಬಿಡುವಿನಲ್ಲಿ ತೆಲುಗು ಗೆಳೆಯರು ಮತ್ತೆ ವಾದ ತೆಗೆದರೆ, ಮುದ್ದೇನಹಳ್ಳಿಯ ಜೊತೆಗೆ 1918ರ ಕಥೆಯನ್ನೂ ಅವರಿಗೆ ಹೇಳಬೇಕು ಅಂದುಕೊಂಡಿದ್ದೇನೆ.